ಸಾತಪ್ಪನ ಶಾಕಪ್, ನಮ್ಮ ಕುಸುಬಿ ಎಣ್ಣಿ

ಮೊದಲ ಹೇಳಿಬಿಡ್ತೀನಿ, ನಾ ಸಿಟ್ಟಿನ ಮನಶ್ಯಾ. ಅಕ್ಕಲಕೋಟದ ಬಜಾರಕ್ಕೆಲ್ಲಾ ಇದು ಗೊತ್ತಿದ್ದ ಮಾತು. ಕಲ್ಯಾಣಪ್ಪ ಸಾವ್ಕಾರನ ಎಣ್ಣಿ ತಂಪು, ಬಾಯಿ ಮಾತ್ರ ಕಾದ ಬಾಣಲಿ ಅಂತ ನಾಗಣ್ಣ ಅಡತಿಯಂವ ನನ್ನ ಮುಂದನ ಅಂತಾನ. ಅನ್ಲಿ. ಇವತ್ತು ನಾ ಬರಿಯಾಕ ಕುಂತಿದ್ದು ನನ್ನ ಬಗ್ಗೆ ಅಲ್ಲ, ಸಾತಪ್ಪನ ಬಗ್ಗೆ. ಆದ್ರ ಅವನ ಬಗ್ಗೆ ಬರಿಯೂಮುಂದ ನಡುವ ನನ್ನ ತಪ್ಪು ಒಂದು ಬರತೈತಿ. ಅದನ್ನ ಜಿಗದು ಹೋಗಾಕ ಬರೂದಿಲ್ಲ.

ಸಾತಪ್ಪ ಅಂದ್ರ ಮೋಟಾರ ಮಿಸ್ತ್ರಿ. ಸೊಲ್ಲಾಪುರದಾಗ ವಿಜಾಪುರ ರಸ್ತಾಕ್ಕ ನಮ್ಮ ಮನಿ, ಅಲ್ಲಿಂದ ನಾಕು ಗಲ್ಲಿ ದಾಟಿದ್ರ ಅವನ ಗ್ಯಾರೇಜು. ಗ್ಯಾರೇಜು ಅಂತ ನಾವು ಮರ್ಯಾದಿಗಿ ಅನ್ನೂದು. ಮ್ಯಾಲ ನಾಕು ತಗಡು, ಮಗ್ಗಲಕ ಒಂದು ಬೇವಿನ ಗಿಡ, ಕೆಳಗ ಇಳಿದು ಕೆಲಸಾ ಮಾಡಾಕ ಒಂದು ಕುಣಿ, ಮುಗೀತು. ಹುಟ್ಟಿದ್ದು ಮಂಗಳವೇಢಾ ತಾಲೂಕಿನ ಮರವಡೆದಾಗ. ಅಪ್ಪ ಮಂದಿ ಹೊಲದಾಗ ಜ್ವಾಳಾ ಕೊಯ್ದು ಮಕ್ಕಳನ್ನ ಬೆಳಸಿದಂವ. ಸಾತಪ್ಪ ಹತ್ತೊಂಬತ್ತನೇ ವಯಸ್ಸಿಗಿ ಸೊಲ್ಲಾಪುರಕ್ಕ ಬಂದು ಮಿಲ್ಲಿನಾಗ ಮಗ್ಗಕ್ಕ ಎಣ್ಣಿ ಬಿಡೂ ಕೆಲಸಕ್ಕ ಹತ್ತಿದ. ಮಿಲ್ಲು ಮುಚ್ಚಿದ ಮ್ಯಾಲ ಅದ ಕಿವಿ, ಅದ ಕೈ ತಗೊಂಡು ಮೋಟಾರ ಕೆಲಸಕ್ಕ ಇಳಿದ. "ನೂರು ಮಗ್ಗ ಹೊಡಕೋತಿದ್ರೂ ಯಾವದು ಒಣಗೈತಿ ಅಂತ ನನಗ ಬಾಗಿಲದಾಗ ತಿಳೀತಿತ್ರಿ" ಅಂತಾನ. ಜಂಬ ಅಲ್ಲ, ಖರೇನ. ನಮ್ಮ ಗಾಡಿ ಗಲ್ಲಿ ತುದಿಗಿ ತಿರುಗೂಮುಂದನ ಗ್ಯಾರೇಜಿನಾಗಿಂದ ಒದರತಾನ: "ಸಾವ್ಕಾರ್ರ, ಎಡಗಡಿ ಬುಶ್ ಅಳತೈತಿ!"

ಗಾಡಿ ಅಂದ್ರ ಮಾರಿಸ್ ಮೈನರ್. ಬೆಣ್ಣಿ ಬಣ್ಣದ್ದು, ಸಣ್ಣದು, ಗುಂಡಗ ಬೆನ್ನು. ನಮ್ಮ ಅಪ್ಪ ವಿಜಾಪುರದ ಒಬ್ಬ ಡಾಕ್ಟರ ಕಡಿಂದ ಅರವತ್ತೆರಡರಾಗ ತಗೊಂಡಿದ್ದು. ಗಲ್ಲಿ ಹುಡುಗೂರು ಆಮಿ ಬಂತು ಆಮಿ ಬಂತು ಅಂತ ನಗತಾವ. ಈಗಿನ ಗಾಡಿಗೋಳ ಶಾಕಪ್ ಉದ್ದಕ ಕೊಳವಿ ಇದ್ದಂಗ ಇರ್ತಾವ, ಕೆಟ್ರ ಬಿಚ್ಚಿ ಒಗದು ಹೊಸಾವು ಹಾಕ್ತಾರ. ನಮ್ಮ ಮಾರಿಸ್ಸಿಂದು ಹಂಗಲ್ಲ. ಮುಷ್ಟಿಯಷ್ಟು ದಪ್ಪ ಕಬ್ಬಿಣದ ಡಬ್ಬಿ, ಅದರ ಮಗ್ಗಲಕ ಒಂದು ತೋಳು. ಗಾಲಿ ಕುಣಿದಂಗ ತೋಳು ಮ್ಯಾಲ ಕೆಳಗ ಆಡತೈತಿ, ಡಬ್ಬಿಯೊಳಗಿನ ಎಣ್ಣಿ ಸಣ್ಣ ತೂತಿನಾಗ ಹಾದು ಕುಣಿತ ತಡೀತೈತಿ. ಎಣ್ಣಿ ಸರಿ ಇತ್ತಂದ್ರ ಗಾಡಿ ಸರಿ. ಆರು ತಿಂಗಳಿಗೊಮ್ಮಿ ಬಿರಡಿ ತಗದು ಎಣ್ಣಿ ನೋಡಬೇಕು, ಸೀಲ್ ಸೋರಿದ್ರ ಬದಲಿಸಬೇಕು. ಇಂಥಾವನ್ನ ಬಿಚ್ಚಿ ಜೋಡಸಾವ್ರು ಇಡೀ ಸೊಲ್ಲಾಪುರದಾಗ ಈಗ ಎಷ್ಟು ಮಂದಿ ಉಳದಾರೋ ನಾ ಕಾಣೆ. ನಮಗ ಸಾತಪ್ಪ ಒಬ್ಬನ.

ಅವನ ಕೆಲಸದ ರೀತಿನ ಬ್ಯಾರೆ. ಪಾನಾ, ಅಂದ್ರ ಸ್ಪ್ಯಾನರ್, ಹಿಡಿಯೂಕಿಂತ ಮೊದಲ ಗಾಡಿ ಹಿಂದಿನ ಸೀಟಿನಾಗ ಕುಂತು ಒಂದು ಸುತ್ತು ಹಾಕಿ ಬರಬೇಕು, ಅದೂ ಕಣ್ಣು ಮುಚಗೊಂಡು. "ಮಾಲಕ ಸ್ಟೇರಿಂಗ್ ಹಿಡಕೊಂಡಿರ್ತಾನ, ಅವಗೇನ ತಿಳೀತೈತಿ ಮಣ್ಣು! ಹಿಂದ ಕುಂತಾವ್ರ ಬೆನ್ನಿಗಿ ತಿಳೀತೈತಿ" ಅಂತಾನ.

ನಮ್ಮ ಮನಿಗಿ ಅಂವ ಮೊದಲ ಸಲ ಬಂದಾಗ ನನಗ ಇಪ್ಪತ್ತೊಂದು, ಅವಗ ಇಪ್ಪತ್ತಾರು. ಪಾನಾದ ಪೆಟಿಗಿ ಕೆಳಗಿಟ್ಟು "ಹಿಂದ ಯಾರು ಕೂಡ್ತಾರ್ರಿ?" ಅಂತ ಕೇಳಿದ. "ಮನಿ ಹೆಣಮಕ್ಳು" ಅಂದ್ರು ಅಪ್ಪ. "ಹಂಗಾರ ನಾ ಮೊದಲ ಅಲ್ಲಿ ಕೂಡಬೇಕ್ರಿ." ನಮ್ಮಜ್ಜಿ ಗುರುಬಾಯಿ ಪಡಸಾಲ್ಯಾಗಿಂದ ಒದರಿದ್ಲು: "ಅಯ್ಯಯ್ಯ, ಆ ಸೀಟಿನ ಮ್ಯಾಲ ಅಂವ ಯಾಕ ಕೂಡ್ತಾನ?" ಯಾಕ ಒದರಿದ್ಲು ಅಂತ ಎಲ್ಲಾರಿಗೂ ತಿಳೀತು. ಸಾತಪ್ಪನ ಮನಿ ಗ್ವಾಡಿ ಮ್ಯಾಲ ಬುದ್ಧನ ಫೋಟೋ ಇರೂದು, ಅವರು ಯಾವ ಓಣಿಯವರು ಅನ್ನೂದು ಮುದುಕಿಗಿ ಗೊತ್ತಿತ್ತು. ಅಂಗಳದಾಗ ಯಾರೂ ಉಸರ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಸುಳ್ಳು ಯಾಕ ಹೇಳಲಿ.

ನಮ್ಮವ್ವ ಕಸ್ತೂರಬಾಯಿ ಸೆರಗು ಸೊಂಟಕ್ಕ ಸಿಗಿಸಿ ಬಂದ್ಲು. ಹಿಂದಿನ ಬಾಗಿಲ ತಗದು ಮೊದಲ ತಾನ ಕುಂತ್ಲು. "ಬಾರಪಾ, ಈ ಕಡೆ ಕೂಡು. ನನಗೂ ಬೆನ್ನು ಐತಿ, ನಿನಗೂ ಐತಿ. ಯಾರದು ಮೊದಲ ನೋಯತೈತಿ ನೋಡೂಣು" ಅಂದ್ಲು. ಅಪ್ಪ ಗಾಡಿ ಚಾಲೂ ಮಾಡಿದ್ರು. ತಿರುಗಿ ಬಂದ ಮ್ಯಾಲ ಸಾತಪ್ಪ ಕಣ್ಣು ತಗದು, "ಬಲಗಡಿ ಹಿಂದಿಂದು ಸತ್ತೈತ್ರಿ. ಎಡಗಡಿದು ಅದರ ಭಾರಾನೂ ಹೊತಗೊಂಡು ಸಾಯಾಕತ್ತೈತಿ" ಅಂದ. ಅವತ್ತಿನಿಂದ ಅವ್ವಗ ಅಂವ ಸಾತೂ, ಅವಗ ಅವ್ವ ಅವ್ವಾರು. ನಲವತ್ತು ವರ್ಷ ಮ್ಯಾಲಾತು.

ಅವ್ವಗ ಈಗ ಎಂಬತ್ನಾಕು. ಅಕ್ಕಲಕೋಟದಾಗ ನಮ್ಮ ಗಾಣ ಐತಿ, ಎಣ್ಣಿ ಅಂಗಡಿ ಐತಿ. ಶೇಂಗಾ ಎಣ್ಣಿ, ಕುಸುಬಿ ಎಣ್ಣಿ. ಸೋಮವಾರ, ಬೇಸ್ತವಾರ ಅವ್ವ ಅಂಗಡಿಗಿ ಬಂದು ಗಾಣದ ಮೊದಲ ಎಣ್ಣಿ ನಾಲಿಗಿ ಮ್ಯಾಲ ಹಚಗೊಂಡು, ಇದು ಹೌದು, ಇದು ಅಲ್ಲ ಅಂತ ಹೇಳಿದ ಮ್ಯಾಲನ ಡಬ್ಬಿ ತುಂಬೂದು. ನನ್ನ ಮಗ ಗುರುಸಿದ್ಧನ ಹೊಸಾ ಗಾಡಿ ಎತ್ತರ. "ಅದಕ್ಕ ಏರಾಕ ನಿಚ್ಚಣಿಕಿ ಬೇಕು" ಅಂತ ಅವ್ವ ಅದರ ಮಾರಿ ನೋಡೂದಿಲ್ಲ. ಮಾರಿಸ್ಸಿನ ಹಿಂದಿನ ಸೀಟು ತಗ್ಗು, ಮೆತ್ತಗ ಕೂಡಾಕ ಬರತೈತಿ. ಸೊಲ್ಲಾಪುರದಿಂದ ಅಕ್ಕಲಕೋಟದ ತನಕಾ ಅವ್ವನ ಬೆನ್ನು ಸಾತಪ್ಪನ ಕೈಯಾಗ ಇತ್ತು ಅನ್ನಬೇಕು.

ಈಗ ನನ್ನ ತಪ್ಪಿಗಿ ಬಂದೆ.

ಹ್ವಾದ ಯುಗಾದಿ ಮುಂದ ಸಾತಪ್ಪ ತಂಗಿ ಮಗಳ ಲಗ್ನಕ್ಕ ಎಂಟು ದಿನ ಮರವಡೆಗಿ ಹೊಂಟ. ಹೋಗೂಮುಂದ ಗಾಡಿ ನೋಡಿ, "ಹಿಂದಿನ ಶಾಕಪ್ಪಿನಾಗ ಎಣ್ಣಿ ಒಂದೀಟು ಇಳದೈತ್ರಿ. ಬಂದು ಹಾಕ್ತೀನಿ. ಅಲ್ಲಿತನಕಾ ಕೈ ಹಚ್ಚಬ್ಯಾಡ್ರಿ, ನಿಮ್ಮ ಪಾಯಾ ಬೀಳ್ತೀನಿ" ಅಂದ. ಕೈ ಹಚ್ಚಬ್ಯಾಡ್ರಿ ಅಂದ್ರ ನನಗ ಕೈ ತಿಂತಾವ. ಎಣ್ಣಿ ವ್ಯಾಪಾರಿ ಮನ್ಯಾಗ ಎಣ್ಣಿ ಕಡಿಮಿ ಆಗೈತಿ ಅಂತ ಎಂಟು ದಿನ ಕಾಯೂದು ನಗಿಗೇಡು ಅಲ್ಲೇನು? ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಎರಡೂ ಹಿಂದಿನ ಶಾಕಪ್ಪಿನ ಬಿರಡಿ ತಗದು ನಮ್ಮ ಗಾಣದ್ದ ಕುಸುಬಿ ಎಣ್ಣಿ, ಅರಬಿಲೆ ಸೋಸಿದ್ದು, ಅವ್ವ ಹೌದು ಅಂದಿದ್ದು, ತುಂಬ ತುಂಬಿಸಿದೆ. ಮನಸಿನಾಗ ಎಂಥಾ ಖುಷಿ! ಇಂಥಾ ಎಣ್ಣಿ ಆ ಶಾಕಪ್ಪಿನ ಅಪ್ಪನೂ ಕುಡದಿಲ್ಲ ಅಂದುಕೊಂಡೆ.

ಏಳನೇ ದಿನಕ್ಕ ಸಾತಪ್ಪನ ಫೋನು ಬಂತು. "ಸಾವ್ಕಾರ್ರ, ನಾಳಿ ಬರ್ತೀನಿ, ಬಂದಕೂಡ್ಲೆ ಎಣ್ಣಿ ಹಾಕೂಣು." ಹಾಕೀನಿ ಅಂದ್ರ ಬೈತಾನ. ನನಗ ಬೈಯೂ ಧೈರ್ಯಾ ಈಗ ಭೂಮಿ ಮ್ಯಾಲ ಇಬ್ಬರಿಗಷ್ಟ ಐತಿ, ಅವ್ವಗ ಮತ್ತ ಇವಗ. ಬಾಯಿಗಿ ಬಂದಿದ್ದು ಅಂದುಬಿಟ್ಟೆ: "ಏ, ನೀ ಹೋಗೂಮುಂದ ಹಾಕೇ ಹೋಗಿದ್ದಿ ಮಾರಾಯಾ. ಮರತಿ ಏನು?"

ಆ ಕಡಿಂದ "ಹೌದೇನ್ರಿ? ಹಾಕಿದ್ನೇನು? ನೆನಪ ಇಲ್ಲಲ್ಲ" ಅಂದ.

"ಮುದುಕ ಆದಿ, ಬಾದಾಮಿ ತಿನ್ನು" ಅಂತ ನಕ್ಕು ಫೋನು ಇಟ್ಟೆ. ಇಷ್ಟ. ಸಣ್ಣ ಸುಳ್ಳು. ನೆಲ್ಲಿಕಾಯಿ ಗಾತ್ರದ್ದು.

ಮೊದಲ ತಿಂಗಳ ಗಾಡಿ ಛಲೋ ಓಡಿತು. ಸೊಲ್ಲಾಪುರದ ಬ್ಯಾಸಗಿ ಗೊತ್ತಲ್ಲ, ನಲವತ್ಮೂರು ಡಿಗ್ರಿ, ಹೆಂಚಿನ ಮ್ಯಾಲ ಕುಂತಂಗ. ಜೂನಿನಾಗ ಗಾಡಿ ಹಿಂದ ಬಿರುಸ ಆತು. ನಾ ಸ್ಟೇರಿಂಗ್ ಹಿಡದಂವ, ನನಗೇನ ತಿಳೀಬೇಕು ಮಣ್ಣು! ಅವ್ವ ನನ್ನ ಮನಿ ಹೆಸರು ಹಿಡದು ಅಂದ್ಲು ಎರಡು ಸಲ, "ಕಲ್ಲಪ್ಪಾ, ಸೀಟು ಬಡೀತೈತೋ" ಅಂತ. ಕೇಳಲಿಲ್ಲ. ಜುಲೈದಾಗ ಒಂದು ಬೇಸ್ತವಾರ, ವಳಸಂಗ ದಾಟಿದ ಮ್ಯಾಲ ಒಂದು ಉಬ್ಬು ಬಂತು. ಮುಂದಿನ ಗಾಲಿ ದಾಟಿದವು. ಹಿಂದಿನವು ದಾಟೂಮುಂದ ಗಾಡಿ ಕಲ್ಲಿನ ಮ್ಯಾಲ ಕಲ್ಲು ಬಿದ್ದಂಗ ಬಿತ್ತು. ಅವ್ವ "ಯಪ್ಪಾ!" ಅಂದ್ಲು. ತಿರುಗಿ ನೋಡಿದ್ರ ಮಾರಿ ಬೆಳ್ಳಗ ಆಗಿತ್ತು. ಬೆನ್ನಿನ ಒಂದು ಮಣಿ ಕುಸದಿತ್ತು. ಡಾಕ್ಟರು ಬೆಲ್ಟ್ ಕಟ್ಟಿ, ಮೂರು ತಿಂಗಳ ಹಾಸಗಿ ಅಂದ್ರು.

ನನ್ನ ಸಿಟ್ಟು ಎಲ್ಲಿಗಿ ಹೋಗಬೇಕು? ಕುಣಿಯಾಕ ಬರಲಾರದಾಕಿ ಅಂಗಳ ಡೊಂಕು ಅಂದ್ಲಂತ. ಸಾತಪ್ಪ ಅವ್ವನ್ನ ನೋಡಾಕ ಬಂದ. ಚಪ್ಪಲ್ ಬಿಟ್ಟು ಹಾಸಗಿ ಮಗ್ಗಲಕ ನೆಲದ ಮ್ಯಾಲ ಕುಂತು, "ಅವ್ವಾರ, ನಾ ಎಣ್ಣಿ ಹಾಕಿದ್ದು ನನಗ ನೆನಪ ಇಲ್ರಿ. ಏನ ಹಾಕಿದ್ನೋ, ಯಾವ ಡಬ್ಬಿ ಎತ್ತಿದ್ನೋ. ನೆನಪ ಮಾಡಿ ಮಾಡಿ ತಲಿ ಒಡೀತೈತಿ" ಅಂದ. ಅವನ ಕಣ್ಣಾಗ ನೀರು. ನಾ ಬಾಗಿಲದಾಗ ನಿಂತಿದ್ದೆ. ನೋಡ್ರಿ, ಆವಾಗೂ ನನಗ ನಮ್ಮ ಎಣ್ಣಿ ತಪ್ಪು ಅಂತ ಹೊಳೀಲಿಲ್ಲ. ಆದ್ರ ಹಾಕಿದಂವ ಅಂವ ಅಲ್ಲ ಅನ್ನೂದು ಗೊತ್ತಿತ್ತಲ್ಲ. ಅಷ್ಟರ ಹೇಳಬೇಕಿತ್ತು. ಅದನ್ನ ಬಿಟ್ಟು, "ಅರವತ್ತೆಂಟಾತು ಸಾತಪ್ಪ, ಇನ್ನ ಸಾಕು ಮಾಡು" ಅಂದೆ.

ಅಂವ ಎದ್ದು ಹ್ವಾದ. ಅಲ್ಲಿಗೂ ನನ್ನ ಬಾಯಿ ನಿಲ್ಲಲಿಲ್ಲ. ಅಕ್ಕಲಕೋಟದಾಗ ಸಿದ್ದರಾಮಪ್ಪನ ಚಹಾದ ಅಂಗಡಿ ಮುಂದ ಮುಂಜಾನಿ ವ್ಯಾಪಾರಿ ಮಂದಿ ಎಲ್ಲಾ ಕೂಡ್ತೀವಿ. ಅವರ ಹಳೇ ಜೀಪು, ಹಳೇ ಅಂಬಾಸಿಡರ್ ಎಲ್ಲಾ ಸಾತಪ್ಪನ ಕಡೆನ ಹೋಗ್ತಿದ್ದವು. ಅವರ ಮುಂದ ಅಂದೆ: "ಸಾತಪ್ಪನ ಕೈ ಹೋಗೈತಿ, ತಲಿ ಮೊದಲ ಹೋಗೈತಿ. ನಮ್ಮವ್ವನ ಬೆನ್ನು ಮುರದ." ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹದಿನೈದು ದಿನದಾಗ ಅವನ ಗ್ಯಾರೇಜಿಗಿ ಗಾಡಿ ಬರೂದು ನಿಂತಿತು. ಅಂವನೂ ಬಾಗಿಲ ಹಾಕಿದ. "ನೆನಪಿಲ್ಲದ ಕೈ ಮಂದಿ ಜೀವದ ಮ್ಯಾಲ ಇಡಬಾರದು" ಅಂದನಂತ.

ನಾ ಮಾರಿಸ್ ತಗೊಂಡು ವಿಜಾಪುರ ರಸ್ತಾದಾಗಿನ ಒಂದು ಹೊಸಾ ಗ್ಯಾರೇಜಿಗಿ ಹೋದೆ. ಅಲ್ಲಿಯ ಸೋಮೇಶ ಛಲೋ ಮನಶ್ಯಾ, ಕೆಲಸಾ ಬಲ್ಲಂವ. ಆದ್ರ ಇಂಥಾ ಶಾಕಪ್ ಅಂವ ಹುಟ್ಟಿದ ಮ್ಯಾಲ ನೋಡಿಲ್ಲ. "ಇವು ಎಲ್ಲೂ ಸಿಗೂದಿಲ್ರಿ. ಬುಡಾ ಕೊಯ್ದು ಹೊಸಾ ನಮೂನಿದು ಕೂಡಸೂಣು" ಅಂದ. ಕೊಯ್ಯೂಕಿಂತ ಮೊದಲ ಹಿಂದಿನ ಎರಡೂ ಬಿಚ್ಚಿ ಬೆಂಚಿನ ಮ್ಯಾಲ ಇಟ್ಟ. ತೋಳು ಅಲಗಾಡಿಸಿದ, ಅಲಗಲಿಲ್ಲ. ಪೈಪು ಹಚ್ಚಿ ಮೀಟಿದ, ಒಂದರ ದಂಡ ಬಾಗಿತು, ತೋಳು ಅಲಗಲಿಲ್ಲ. ಬಿರಡಿ ತಗದು ಒಳಗ ಕಡ್ಡಿ ಹಾಕಿದ. ಕಡ್ಡಿಗಿ ಬೆಲ್ಲದ ಪಾಕಿನಂಥಾದ್ದು ಹಳದಿ ಅಂಟು ಹತ್ತಿ ಬಂತು.

"ಇದೇನ್ರಿ, ವಾರ್ನಿಶ್ ಯಾರು ಹಾಕ್ಯಾರ ಇದರಾಗ?" ಅಂತ ನಕ್ಕ.

ಅಂವಗ ವಾಸನಿ ತಿಳೀಲಿಲ್ಲ. ನನಗ ತಿಳೀತು. ನಲವತ್ತು ವರ್ಷ ಅದ ವಾಸನ್ಯಾಗ ಕುಂತು ಅನ್ನಾ ತಿಂದೀನಿ. ನಮ್ಮ ಅಂಗಡ್ಯಾಗ ಕುಸುಬಿ ಎಣ್ಣಿ ಡಬ್ಬಿ ಕೆಳಗ ಸೋರಿದ ಹನಿ ಒಣಗಿ ಗಾಜಿನಂಗ ಆಗ್ತಾವ, ಉಗುರಲೆ ಕೆರದ್ರೂ ಹೋಗೂದಿಲ್ಲ. ನಮ್ಮ ಅಪ್ಪ ಅದ ಎಣ್ಣಿ ಕಾಸಿ ಬಾಗಿಲಕ್ಕ ಬಳೀತಿದ್ರು, ಬಣ್ಣ ಬ್ಯಾಡ ಅಂತ. ಕುಸುಬಿ ಎಣ್ಣಿ ಗಾಳಿ, ಕಾವು ತಾಗಿದ್ರ ಹೆಪ್ಪಗಟ್ಟಿ ಅಂಟತೈತಿ ಅನ್ನೂದು ನಮ್ಮ ಗಾಣದ ಎತ್ತಿಗೂ ಗೊತ್ತಿತ್ತು. ನನಗ ಹೊಳೀಲಿಲ್ಲ. ಎಣ್ಣಿ ಬಂದಾಗ ಕಣ್ಣು ಮುಚಗೊಂಡ ಅಂತಾರಲ್ಲ, ಅದು ನಾ.

"ಕೊಯ್ಯೂದು ಬ್ಯಾಡ" ಅಂತ ಎರಡೂ ಶಾಕಪ್ ಗೋಣಿಚೀಲದಾಗ ಸುತಗೊಂಡು ಮನಿಗಿ ಬಂದೆ. ಚೀಲ ಮೆಟ್ಟಿಲ ಕೆಳಗ ಇಟ್ಟೆ. ನಾಕು ದಿನ ಅದು ಅಲ್ಲೇ ಇತ್ತು. ಯಾರಿಗೂ ಗೊತ್ತಿಲ್ಲ. ಸೋಮೇಶಗ ವಾಸನಿ ತಿಳದಿಲ್ಲ. ನಾ ಸುಮ್ನಿದ್ರ ಮುಗದೇ ಹೋತು. ಇಂಥಾ ವಿಚಾರನೂ ನಾ ಮಾಡೀನಿ, ಯಾಕ ಮುಚ್ಚಿಡಲಿ?

ಐದನೇ ದಿನ ಅವ್ವಗ ಗಂಜಿ ಕುಡಸಾಕ ಕುಂತಿದ್ದೆ. ಗಂಜ್ಯಾಗ ಚಮಚ ಬರೇ ತಿರುವಾಕತ್ತಿದ್ದ ನನ್ನ ನೋಡಿ, "ಏನಾಗೈತಿ ಹೇಳು" ಅಂದ್ಲು. ಹೇಳಿದೆ. ಎಣ್ಣಿದೂ ಹೇಳಿದೆ, ಫೋನಿಂದೂ ಹೇಳಿದೆ. ಬೈತಾಳ ಅಂದುಕೊಂಡಿದ್ದೆ. ಬೈಲಿಲ್ಲ. ಅಂದ್ಲು: "ನನ್ನ ಎಲುಬು ಕೂಡತೈತಿ. ಅವನ ಹೆಸರು ಕೂಡಸಾವ್ರು ಯಾರೋ, ಕಲ್ಲಪ್ಪಾ?" ಗಂಜಿ ಸರಿಸಿ ಮಾರಿ ಆ ಕಡೆ ಹೊಳ್ಳಿಸಿದ್ಲು. ನನ್ನ ಜೋಡಿ ಅವ್ವ ಮಾತು ಬಿಟ್ಟದ್ದು ಅದ ಮೊದಲು.

ಚೀಲ ಹೊತಗೊಂಡು ಸಾತಪ್ಪನ ಮನಿಗಿ ಹೋದೆ. ಅವನ ಹೇಣ್ತಿ ರಖಮಾಬಾಯಿ ಬಾಗಿಲದಾಗ ನಿಂತಿದ್ಲು. ನನ್ನ ನೋಡಿ "ಬರ್ರಿ" ಅನ್ನಲಿಲ್ಲ. ಅಂಗಳದಾಗ ಪಾನಾದ ಪೆಟಿಗಿ, ಜಾಕ್, ವೈಸ್ ಎಲ್ಲಾ ಒಂದು ಕಡೆ ಗುಂಪಿ ಹಾಕಿದ್ರು.

"ಇದೇನ ರಖಮಾಬಾಯಿ?"

"ನಾಳಿ ಹಳೇ ಕಬ್ಬಿಣಾ ಕೊಳ್ಳೂ ಭಂಗಾರದಂವ ಬರ್ತಾನ್ರಿ, ತೂಕಕ್ಕ ಹಾಕಾಕ. ಇನ್ನ ಇವು ಯಾಕ ಬೇಕು ಅಂತಾರ. ನೀವ ಹೇಳೀರೆಲ್ಲ, ಸಾಕು ಮಾಡು ಅಂತ." ಆಕಿ ಮಾತಿಗಿ ನಾ ನೆಲಾ ನೋಡಿದೆ. "ಬರ್ರಿ ಒಳಗ, ಒಮ್ಮಿ ನೋಡ್ರಿ ನಿಮ್ಮ ಮಿಸ್ತ್ರಿನ್ನ."

ಒಳಗ ಹೋಗಿ ನೋಡಿದೆ. ಗ್ವಾಡಿ ತುಂಬ ಸೀಮಿಸುಣ್ಣದ ಖಡುವಿನಲೆ ಮರಾಠಿದಾಗ ಬರದಿತ್ತು. ಸಾತಪ್ಪ ಸಾಲಿ ಕಲತದ್ದು ಮರಾಠಿ. "ಗೋಳಿ ಘೇತಲೀ, ಸಕಾಳೀ." "ನಳ ಬಂದ ಕೇಲಾ." "ಗ್ಯಾಸ್ ಬಂದ ಕೇಲಾ." ಗುಳಿಗಿ ತಗೊಂಡಿದ್ದು, ನಳ ಬಂದ್ ಮಾಡಿದ್ದು, ಗ್ಯಾಸ್ ಬಂದ್ ಮಾಡಿದ್ದು, ಮಾಡಿದ ಒಂದೊಂದು ಕೆಲಸಾನೂ ತಾರೀಖು ಹಾಕಿ ಬರಕೊಂಡಿದ್ದ. ತನ್ನ ನೆನಪಿನ ಮ್ಯಾಲ ಅವಗ ನಂಬಿಗಿ ಉಳದಿರಲಿಲ್ಲ. ನನ್ನ ನೆಲ್ಲಿಕಾಯಿ ಗಾತ್ರದ ಸುಳ್ಳು ಆ ಮನಿ ಗ್ವಾಡಿ ತುಂಬಿತ್ತು.

ಸಾತಪ್ಪ ಹೊರಸಿನ ಮ್ಯಾಲ ಕುಂತಿದ್ದ. ನಾ ಚೀಲ ಬಿಚ್ಚಿ ಶಾಕಪ್ ಅವನ ಮುಂದಿಟ್ಟೆ. ಮೊದಲ ಮುಟ್ಟಲಿಲ್ಲ. ಕಡೀಕ ಒಂದು ಬಿರಡಿ ತಿರುವಿ ತಗದ. ಮೂಗಿಗಿ ಹಿಡದ. ಮತ್ತೊಮ್ಮಿ ಹಿಡದ. ಕಣ್ಣು ಎತ್ತಿ ನನ್ನ ನೋಡಿದ.

"ಕುಸುಬಿ ಎಣ್ಣಿ" ಅಂದ. "ನನ್ನ ಗ್ಯಾರೇಜಿನಾಗ ಕುಸುಬಿ ಎಣ್ಣಿ ಎಲ್ಲೈತ್ರಿ, ಸಾವ್ಕಾರ್ರ?"

"ಇಲ್ಲ. ನಾ ಹಾಕಿದ್ದು. ನೀ ಹಾಕಿರಲಿಲ್ಲ ಸಾತಪ್ಪ. ನೀ ಬೈತಿ ಅಂತ ಫೋನಿನಾಗ ಸುಳ್ಳು ಹೇಳಿದೆ."

ರಖಮಾಬಾಯಿ "ಅಗಾ ಬಾಯಿ!" ಅಂತ ಬಾಗಿಲ ಹಿಡಕೊಂಡ್ಲು. ಸಾತಪ್ಪ ಒದರಲಿಲ್ಲ. ಒದರಿದ್ರ ನನಗ ಹಗುರ ಆಗ್ತಿತ್ತು. ತನ್ನ ಎರಡೂ ಅಂಗೈ ಮುಂದ ಹಿಡದು ನೋಡಕೊಂಡ. "ಎರಡು ತಿಂಗಳ ಆತ್ರಿ, ನನಗ ಹುಚ್ಚು ಹಿಡಿಯಾಕತ್ತೈತಿ ಅಂತ ತಿಳದಿದ್ದೆ. ಇಕಿಗಿ ಹೇಳಿದ್ದೆ, ನನ್ನ ಒಬ್ಬನ್ನ ಬಜಾರಕ್ಕ ಬಿಡಬ್ಯಾಡ, ಮನಿ ದಾರಿ ಮರತೇನು ಅಂತ." ಅಷ್ಟಂದು ಹೊರಳಿ ಗ್ವಾಡಿ ಕಡೆ ಮಾರಿ ಮಾಡಿ ಅತ್ತ. ಅರವತ್ತೆಂಟು ವರ್ಷದ ಗಂಡಸು, ಸಣ್ಣ ಕೂಸಿನಂಗ ಹೆಗಲಾ ಕುಣಿಸಿ ಅತ್ತ. ನನಗೂ ತಡಕೊಳ್ಳಾಕ ಆಗಲಿಲ್ಲ. ನಾನೂ ಅತ್ತೆ. ರಖಮಾಬಾಯಿ ಇಬ್ಬರಿಗೂ ಒಂದೊಂದು ತಂಬಿಗಿ ನೀರು ತಂದು ಕುಕ್ಕಿ ಇಟ್ಟು, "ಮುದುಕರಾಗಿ ಇದೇನ ತಮಾಶಾ!" ಅಂತ ತಾನೂ ಸೆರಗಿಲೆ ಕಣ್ಣು ವರಸಿಕೊಂಡ್ಲು.

ನೀರು ಕುಡದು ಸಾತಪ್ಪ ಕೇಳಿದ ಮೊದಲ ಮಾತು, "ಎಷ್ಟು ಹಾಕಿದ್ರಿ?" ಅಂತ. ಅದೂ ಮಿಸ್ತ್ರಿ ದನಿಲೆ.

"ತುಂಬ."

"ಎರಡಕ್ಕೂ?"

"ಎರಡಕ್ಕೂ."

"ಥೂ ನಿಮ್ಮ! ಕೈ ಹಚ್ಚಬ್ಯಾಡ್ರಿ ಅಂದ್ರ ಕೈ ಅಷ್ಟ ಅಲ್ಲ, ಇಡೀ ಗಾಣ ಹಚ್ಚೀರಿ" ಅಂತ ಶುರು ಮಾಡಿದ. ಅರ್ಧಾ ತಾಸು ಬೈದ. ಅಷ್ಟು ಛಲೋ ಬೈಗಳಾ ನಾ ವರ್ಷಗಟ್ಟಲೆ ಕೇಳಿದ್ದಿಲ್ಲ.

ಮರುದಿನ ಭಂಗಾರದಂವ ಬಂದು ಖಾಲಿ ಗಾಡಿ ತಳ್ಳಿಕೋತ ಹ್ವಾದ. ಸಾತಪ್ಪ ಬೇವಿನ ಗಿಡದ ಕೆಳಗ ಒಲಿ ಹೂಡಿದ. ಶಾಕಪ್ಪಿನ ಒಳಗಿನ ಸಾಮಾನು ಎಲ್ಲಾ ಬಿಚ್ಚಿ ರಾಕೇಲದಾಗ, ಅಂದ್ರ ಚಿಮಣಿ ಎಣ್ಣ್ಯಾಗ, ನೆನಿ ಇಟ್ಟ. ಅಂಟು ಬಿಡಲಿಲ್ಲ. ಅರಬಿ ಒಗಿಯೂ ಸೋಡಾ ಹಾಕಿದ ಕುದಿಯೂ ನೀರಿನಾಗ ಬೇಯಿಸಿದ, ಬಿದಿರ ಕಡ್ಡಿಲೆ ಕೆರದ. ಕಬ್ಬಿಣಲೆ ಕೆರದ್ರ ಗೆರಿ ಬೀಳ್ತಾವ, ಎಣ್ಣಿ ಅಲ್ಲೇ ಹಾದು ಹೋಗತೈತಿ ಅಂದ. ಕೆರಿಯೂ ಕೆಲಸಾ ನನಗ ಹಚ್ಚಿದ. ಮೂರು ದಿನ ಕೆರದೆ, ಉಗುರು ಎಲ್ಲಾ ಕರ್ರಗ. ಎಡಗಡಿದು ಜೀವಂತ ಆತು. ಬಲಗಡಿದರ ದಂಡ ಬಾಗಿತ್ತಲ್ಲ, ಅದು ಹಾದಿಗಿ ಬರಲಿಲ್ಲ. ಬಡದು ನೆಟ್ಟಗ ಮಾಡೂಣು ಅಂದ್ರ ತಲಿ ಅಲಗಾಡಿಸಿದ. "ಬಾಗಿದ ದಂಡ ನೆಟ್ಟಗ ಆದ್ರೂ ಒಳಗ ತ್ರಾಣ ಇರೂದಿಲ್ಲ. ಅವ್ವಾರ ಕೆಳಗ ಅದನ್ನ ನಾ ಇಡೂದಿಲ್ಲ."

"ಮತ್ತ ಹೊಸಾದು ಎಲ್ಲಿಂದ ತರೂದು?"

ಸಾತಪ್ಪ ಮನಿಗಿ ಹೋಗಿ ಒಂದು ಸಣ್ಣ ಗಂಟು ತಂದ. ಹಳೇ ಧೋತರದ ತುಂಡು, ಅದರಾಗ ಗ್ರೀಸು ಬಳದ ಒಂದು ಶಾಕಪ್. ಇಪ್ಪತ್ತು ವರ್ಷದ ಹಿಂದ ಮಂಗಳವೇಢಾದಾಗ ಒಂದು ಮಾರಿಸ್ ಮುರೀತಿದ್ರಂತ, ಅದರಾಗಿಂದು ಬಿಚ್ಚಿ ತಂದು ಇಟ್ಟಿದ್ದ. ವರ್ಷಕ್ಕೊಮ್ಮಿ ಬಿಚ್ಚಿ ಗ್ರೀಸು ಬದಲಿಸ್ತಿದ್ನಂತ. ನನಗ ಒಂದು ಸಲಾನೂ ಹೇಳಿಲ್ಲ.

"ಹೇಳಬಾರದಾ?" ಅಂದೆ.

"ಹೇಳಿದ್ರ ನೀವು ಅವತ್ತ ಹಾಕು ಅಂತಿದ್ರಿ. ಇದು ಕಡೀದಿನಕ ಅಂತ ಇಟ್ಟಿದ್ದೆ" ಅಂದ. ಇಂಥಾ ಮನಶ್ಯಾನ ತಲಿ ಹೋಗೈತಿ ಅಂತ ನಾ ಬಜಾರದಾಗ ಅಂದಿದ್ದೆ.

ಹೊಸಾ ಸೀಲ್, ಹೊಸಾ ಬುಶ್ ಹಾಕಿ, ಎರಡೂ ಕೂಡಿಸಿ, ತೆಳು ಶಾಕಪ್ ಎಣ್ಣಿ ಹಾಕಿದ. ಎಣ್ಣಿ ಡಬ್ಬಿ ನನ್ನ ಮೂಗಿಗಿ ಹಿಡದು, "ವಾಸನಿ ನೋಡ್ರಿ. ಇದಕ್ಕ ಎಣ್ಣಿ ಅಂತಾರ. ನಿಮ್ಮದಕ್ಕ ವಗ್ಗರಣಿ ಅಂತಾರ" ಅಂದ. ಕಣ್ಣು ಮುಚ್ಚಿ ಹಿಂದಿನ ಸೀಟಿನಾಗ ಕುಂತ. "ಅಕ್ಕಲಕೋಟಕ್ಕ ನಡೀರಿ." ಅವ್ವಗ ಇನ್ನೂ ಹದಿನೈದು ದಿನ ಬೆಲ್ಟ್ ಇತ್ತು, ಆಕಿ ಬರೂಹಂಗಿರಲಿಲ್ಲ. ವಳಸಂಗದ ಆಚೆ ಆ ಉಬ್ಬು ಬಂತು. ದಾಟಿದ್ವಿ. ಹಿಂದಿನಿಂದ ಏನೂ ಸಪ್ಪಳಿಲ್ಲ. ಕನ್ನಡ್ಯಾಗ ನೋಡಿದೆ, ಸಾತಪ್ಪ ಕಣ್ಣು ಮುಚ್ಚಿಕೊಂಡ ನಗಾಕತ್ತಿದ್ದ.

ಸಿದ್ದರಾಮಪ್ಪನ ಚಹಾದ ಅಂಗಡಿ ಮುಂದ ಗಾಡಿ ನಿಲ್ಲಿಸಿದೆ. ನಾಗಣ್ಣ ಇದ್ದ, ಮತ್ತ ಏಳೆಂಟು ಮಂದಿ. ಸಾತಪ್ಪನ್ನ ನೋಡಿ ಎಲ್ಲಾರೂ ಕಪ್ಪು ಕೆಳಗಿಟ್ರು. ನಾ ನಿಂತಕೊಂಡ ಅಂದೆ: "ಕೇಳ್ರಿ. ನಮ್ಮವ್ವನ ಬೆನ್ನು ಮುರದಿದ್ದು ಸಾತಪ್ಪ ಅಲ್ಲ. ನಾ ಶಾಕಪ್ಪಿನಾಗ ಕುಸುಬಿ ಎಣ್ಣಿ ಹಾಕಿದ್ದೆ. ಅದು ಒಳಗ ಹೆಪ್ಪಗಟ್ಟಿತು."

ಒಂದು ಕ್ಷಣ ಯಾರಿಗೂ ತಿಳೀಲಿಲ್ಲ. ಆಮ್ಯಾಲ ನಾಗಣ್ಣ ನಕ್ಕ ನೋಡ್ರಿ, ಹೊಟ್ಟಿ ಹಿಡಕೊಂಡು! "ಸಾವ್ಕಾರ, ಗಾಡಿಗಿ ವಗ್ಗರಣಿ ಕೊಟ್ರೆಲ್ಲೋ!" ಎಲ್ಲಾರೂ ನಕ್ರು. ಸಿದ್ದರಾಮಪ್ಪ, "ಸಾಸಿವಿ ಜೀರಿಗಿ ಹಾಕಿರಿಲ್ಲೋ?" ಅಂದ. ನಾನೂ ನಕ್ಕೆ. ಬಾಯಿ ಬಿಟ್ರ ಬಣ್ಣಗೇಡು, ಆಗ್ಲಿ, ಅಗ್ಗದಾಗ ಮುಗೀತು ಅಂತ ಬಾಕಿನ ಮ್ಯಾಲ ಕೂಡಾಕ ಹೋದೆ.

ಸಾತಪ್ಪ ನಗಲಿಲ್ಲ. ಕೂಡಲೂ ಇಲ್ಲ. ಚಹಾದ ಕಪ್ಪು ಹಿಡಕೊಂಡು ನನ್ನ ಕಡೆ ನೋಡಿಕೋತ ನಿಂತಿದ್ದ. "ಇನ್ನೊಂದು ಐತಲ್ರಿ" ಅಂದ, ಮೆತ್ತಗ.

ಎಣ್ಣಿ ಮಾತು ಹೇಳೂದು ಸರಳ ಇತ್ತು. ಇದು ಹಂಗಿರಲಿಲ್ಲ. ಮತ್ತ ಎದ್ದು ನಿಂತೆ. "ಹಾಕಿದ್ದು ನಾ. ನೀನ ಹಾಕಿದ್ದಿ, ಮರತಿ ಅಂತ ಸಾತಪ್ಪಗ ಸುಳ್ಳು ಹೇಳಿದೆ. ಅಂವ ನಂಬಿದ. ತನ್ನ ತಲಿ ಕೆಟ್ಟೈತಿ ಅಂತ ಎರಡು ತಿಂಗಳ ಮನ್ಯಾಗ ಕುಂತ. ಅವನ ತಲಿಗಿ ಏನೂ ಆಗಿಲ್ಲ. ಕೆಟ್ಟಿದ್ದು ನನ್ನ ನಾಲಿಗಿ. ತಪ್ಪಾತು ಸಾತಪ್ಪ."

ಈಗ ಯಾರೂ ನಗಲಿಲ್ಲ. ನಾಗಣ್ಣ ಬಾಕಿನ ಮ್ಯಾಲಿಂದ ಸರದು, "ಬರ್ರಿ ಮಿಸ್ತ್ರಿ, ಇಲ್ಲಿ ಕೂಡ್ರಿ" ಅಂದ. ಸಾತಪ್ಪ ಕುಂತ. ಚಹಾ ಕುಡದ. ಸಾವಕಾಶ ಕುಡದ.

"ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ ಸಾವ್ಕಾರ್ರ" ಅಂದ. "ಸಿಟ್ಟು ನನ್ನ ಮ್ಯಾಲನ ಐತಿ. ನಾ ಹಾಕಿಲ್ಲ ಅಂತ ನನಗ ಗೊತ್ತಿತ್ರಿ. ಕೈಗಿ ಗೊತ್ತಿತ್ತು. ಆದ್ರ ನೀವು ಹೇಳಿದ್ರಿ ಅಂತ ನನ್ನ ನೆನಪಿಗಿಂತ ನಿಮ್ಮ ಮಾತು ದೊಡ್ಡದು ಮಾಡಿದೆ. ನಲವತ್ತು ವರ್ಷ ಹಂಗ ನಡೀತು. ಇನ್ನ ಮ್ಯಾಲ ನಡಿಯೂದಿಲ್ರಿ."

ಕಪ್ಪು ಕೆಳಗಿಟ್ಟು ಎದ್ದ. ನಾಗಣ್ಣನ ಜೀಪು ಅಲ್ಲೇ ನಿಂತಿತ್ತು. ಅದರ ಕೆಳಗ ಬಗ್ಗಿ ನೋಡಿ, ನನ್ನ ಕಡೆ ಕೈ ಚಾಚಿ, "ಹದಿನಾಕರ ಪಾನಾ ತರ್ರಿ" ಅಂದ. ನಾ ತರಾಕ ಹೋದೆ.